ಅವರ ಅಂಗಡಿ, ನನ್ನ ಕೀಲಿಕೈ

ವೆಬ್‌ಸೈಟ್ ಮಾಡಿಕೊಡುವವನ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಮಾತಿನದು. ಬಣ್ಣ, ಅಕ್ಷರ, ಕೋಡ್ ಇವನ್ನೆಲ್ಲ ರಾತ್ರಿ ಒಬ್ಬನೇ ಕೂತು ಮುಗಿಸಬಹುದು. ಗಿರಾಕಿಗೆ ಏನು ಬೇಕೆಂದು ಕೇಳಿ ತಿಳಿಯುವುದು, ಯಾವುದಕ್ಕೆ ಎಷ್ಟು ಖರ್ಚೆಂದು ಹೇಳುವುದು, ಆಗದ್ದನ್ನು ಆಗುವುದಿಲ್ಲ ಎನ್ನುವುದು, ಕೊನೆಗೆ ಮಾಡಿದ್ದನ್ನು ಅವರ ಕೈಗೆ ಒಪ್ಪಿಸುವುದು, ಇದಿಷ್ಟೂ ಬಾಯಿಂದಲೇ ಆಗಬೇಕು. ರಾಯಚೂರಿನಲ್ಲಿ ಕೂತು ನಗರದ ಅಂಗಡಿ, ಆಸ್ಪತ್ರೆ, ಶಾಲೆಗಳಿಗೆ, ಮಾನ್ವಿಯ ಅಕ್ಕಿ ಗಿರಣಿಗಳಿಗೆ, ದೇವದುರ್ಗದ ಸಣ್ಣ ವ್ಯಾಪಾರಿಗಳಿಗೆ ಈ ಕೆಲಸ ಮಾಡುತ್ತ ಬಂದ ನನ್ನನ್ನು ಈಚೆಗೆ ಒಂದು ಪ್ರಶ್ನೆ ಬಿಡದೆ ಕಾಡುತ್ತಿದೆ. ಗಿರಾಕಿಗೆ ತಿಳಿಯಲಿ ಎಂದು ನಾನು ಮಾತಾಡುತ್ತೇನೆಯೋ, ತಿಳಿಯದೆ ಇರಲಿ ಎಂದು ಮಾತಾಡುತ್ತೇನೆಯೋ?

ಯಾರೂ ನನ್ನ ಮೇಲೆ ಇಂಥ ಮಾತು ಹೊರಿಸಿಲ್ಲ. ಒಬ್ಬ ಗಿರಾಕಿ ಇನ್ನೊಬ್ಬರಿಗೆ ಹೇಳಿ ಕಳಿಸುತ್ತಾರೆ, ಕೆಲಸ ನಡೆಯುತ್ತಿದೆ. ಆದರೆ ಮನುಷ್ಯನಿಗೆ ತನ್ನ ಒಳಗು ತನಗೆ ಗೊತ್ತಿರುತ್ತದೆ. ಡೊಮೇನ್ ಎಂದರೇನು, ಹೋಸ್ಟಿಂಗ್ ಎಂದರೇನು ಎಂದು ವಿವರಿಸಲು ಹೊರಟಾಗ ಎದುರಿಗಿದ್ದವರು ಕೈ ಅಡ್ಡ ಮಾಡಿ, "ಅದೆಲ್ಲ ನಮಗ ತಿಳಿಯಂಗಿಲ್ರಿ ಸರ, ನೀವೇ ನೋಡ್ಕೊಳ್ರಿ" ಎನ್ನುತ್ತಾರೆ. ಆ ಕ್ಷಣ ನನ್ನೊಳಗೆ ಒಂದು ಹಿತ ಏಳುತ್ತದೆ. ನಂಬಿಕೆಗೆ ಪಾತ್ರನಾದೆನೆಂಬ ಸಂತೋಷ ಅದರಲ್ಲಿ ಇದ್ದೇ ಇದೆ. ಅದರ ಅಡಿಯಲ್ಲಿ ಇನ್ನೊಂದು ಕೂತಿದೆ. ಅವರಿಗೆ ತಿಳಿಯದೆ ಇದ್ದಷ್ಟೂ ದಿನ ನಾನು ಬೇಕು. ವರ್ಷ ವರ್ಷವೂ ಬೇಕು. ಒಂದು ಫೋನ್ ನಂಬರ್ ಬದಲಿಸಲಿಕ್ಕೂ ನಾನೇ ಬೇಕು. ಅವರ ತಿಳಿಯದಿರುವಿಕೆಯ ಮೇಲೆ ನನ್ನ ಅನ್ನದ ಒಂದು ಪಾಲು ನಿಂತಿದೆ. ಇದನ್ನು ನನಗೆ ನಾನೇ ಜೋರಾಗಿ ಹೇಳಿಕೊಂಡ ಮೇಲೆ ಗಿರಾಕಿಗಳ ಜೊತೆಗಿನ ನನ್ನ ಪ್ರತಿಯೊಂದು ಮಾತನ್ನೂ ತಿರುವಿ ನೋಡುವಂತಾಗಿದೆ.

ನಮ್ಮ ಸೀಮೆಯಲ್ಲಿ ಈ ಸಂಬಂಧಕ್ಕೆ ಹಳೆಯ ಇತಿಹಾಸವಿದೆ. 1948ರ ಸೆಪ್ಟೆಂಬರ್‌ವರೆಗೆ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ನೆಲದಲ್ಲಿ ಜನ ಆಡುತ್ತಿದ್ದದ್ದು ಕನ್ನಡ, ತೆಲುಗು, ದಖನಿ. ಕಚೇರಿ ನಡೆಯುತ್ತಿದ್ದದ್ದು ಮೊದಲು ಫಾರಸಿಯಲ್ಲಿ, 19ನೇ ಶತಮಾನದ ಕೊನೆಯ ಹೊತ್ತಿಗೆ ಉರ್ದುವಿನಲ್ಲಿ. ಹೊಲ ರೈತನದು, ಹೊಲದ ಕಾಗದ ಅವನು ಓದಲಾರದ ಲಿಪಿಯಲ್ಲಿ. ಕಾಗದದಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಓದಬಲ್ಲ ಇನ್ನೊಬ್ಬರ ಮುಂದೆ ನಿಲ್ಲಬೇಕು, ಅವರು ಹೇಳಿದ್ದನ್ನು ನಂಬಬೇಕು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯ ಸೇರಿತು, ಬರಬರುತ್ತ ಕಾಗದ ಕನ್ನಡಕ್ಕೆ ಬಂತು. ಆದರೂ ಪಹಣಿ ಊರಿನ ಲೆಕ್ಕಿಗರ ಕೈಯಲ್ಲೇ ಉಳಿಯಿತು. 2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆ ಬಂದು, ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಯಾರಿಗಾದರೂ ಪಹಣಿ ಕಂಪ್ಯೂಟರಿನಿಂದ ಸಿಗುವಂತಾಯಿತು. ತನ್ನ ಕಾಗದ ತನ್ನ ಕೈಗೆ ಬರಲಿಕ್ಕೆ ರೈತ ಅಷ್ಟು ತಲೆಮಾರು ಕಾದ.

ಈ ಇತಿಹಾಸವನ್ನು ನಾನು ಹೆಮ್ಮೆಯಿಂದ ಹೇಳುವವನು, ಕಂಪ್ಯೂಟರಿನ ಕೆಲಸದವನಾಗಿ ಭೂಮಿಯಂಥ ಯೋಜನೆಯನ್ನು ಹೊಗಳುವವನು. ಹಾಗಿರುವಾಗ ನನ್ನ ಲ್ಯಾಪ್‌ಟಾಪಿನಲ್ಲಿರುವ ಒಂದು ಫೈಲಿನ ಬಗ್ಗೆ ಏನು ಹೇಳಲಿ? ಅದರಲ್ಲಿ ಗಿರಾಕಿಗಳ ಡೊಮೇನ್, ಹೋಸ್ಟಿಂಗ್, ಇಮೇಲ್ ಪಾಸ್‌ವರ್ಡ್‌ಗಳು ಸಾಲಾಗಿವೆ. ಹಣ ಅವರದು, ಹೆಸರು ಅವರದು, ಅಂಗಡಿ ಅವರದು, ಕೀಲಿಕೈ ನನ್ನ ಜೇಬಿನಲ್ಲಿ. ಅವರು ಓದಲಾರದ ಲಿಪಿಯ ಕಾಗದವನ್ನು ಕಾಯುತ್ತ ಕೂತ ಹೊಸ ದಫ್ತರದವನು ನಾನು.

ಡೊಮೇನಿನ ವಿಷಯವನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಮಾತಿಗೂ ಮೌನಕ್ಕೂ ಬೆಲೆ ಬರುವುದು ಅಲ್ಲೇ. ವೆಬ್‌ಸೈಟಿನ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ವರ್ಷಕ್ಕೋ ಕೆಲವು ವರ್ಷಕ್ಕೋ ಹಣ ಕಟ್ಟಿ ಇಟ್ಟುಕೊಳ್ಳುತ್ತೇವೆ. ಡಾಟ್ ಕಾಮ್‌ನಂಥ ಹೆಸರುಗಳಿಗೆ ಅಂತರರಾಷ್ಟ್ರೀಯ ಸಂಸ್ಥೆ ಐಕ್ಯಾನ್ ಮಾಡಿದ ನಿಯಮವಿದೆ. ಹೆಸರು ಮಾರಿದ ಕಂಪನಿಯು ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಮ್ಮೆ, ಒಂದು ವಾರ ಮೊದಲು ಇನ್ನೊಮ್ಮೆ ನೆನಪಿನ ಪತ್ರ ಕಳಿಸಬೇಕು. ಅವಧಿ ಮುಗಿದು, ಹೆಸರನ್ನು ಅಳಿಸಿದ ಮೇಲೂ 30 ದಿನ ಹೆಚ್ಚಿನ ದಂಡ ಕಟ್ಟಿ ಬಿಡಿಸಿಕೊಳ್ಳಲು ಅವಕಾಶ ಇರುತ್ತದೆ. ಆಮೇಲೆ ಆ ಹೆಸರನ್ನು ಪ್ರಪಂಚದಲ್ಲಿ ಯಾರು ಬೇಕಾದರೂ ಕೊಳ್ಳಬಹುದು. ನಿಯಮ ಚೆನ್ನಾಗಿಯೇ ಇದೆ. ಆದರೆ ಆ ಪತ್ರಗಳು ಹೋಗುವುದು ನೋಂದಾಯಿಸಿದ ಇಮೇಲ್‌ಗೆ. ಆ ಇಮೇಲ್ ನನ್ನದಾಗಿದ್ದರೆ ಮಾನ್ವಿಯ ಗಿರಣಿ ಮಾಲೀಕರಿಗೆ ತಮ್ಮ ಹೆಸರಿನ ಅವಧಿ ಮುಗಿಯುತ್ತಿದೆ ಎಂಬ ಸುದ್ದಿ ಯಾವ ದಾರಿಯಲ್ಲೂ ತಲುಪುವುದಿಲ್ಲ. ನನಗೆ ಜ್ವರ ಬಂದು ಮಲಗಿದರೂ, ನಾನು ಊರು ಬಿಟ್ಟರೂ, ಅವರ ಹಲವು ವರ್ಷದ ಹೆಸರು ನನ್ನ ಜೊತೆಗೇ ತೂಗಾಡುತ್ತದೆ.

ನಮ್ಮ ಕಸುಬಿನ ಬಹಳ ಜನ ಡೊಮೇನನ್ನು ತಮ್ಮ ಇಮೇಲ್‌ನಲ್ಲೇ ತೆಗೆದುಕೊಳ್ಳುತ್ತಾರೆ. ಅದಕ್ಕೆ ಕಾರಣವೂ ಇದೆ. ಗಿರಾಕಿಗೆ ಇಮೇಲ್ ಇರುವುದಿಲ್ಲ. ಇದ್ದರೆ ಅದು ಫೋನ್ ಕೊಂಡ ದಿನ ಅಂಗಡಿಯ ಹುಡುಗ ಮಾಡಿಕೊಟ್ಟದ್ದು, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಹೊಸದು ಮಾಡಿ, ಅದನ್ನು ಅವರ ಫೋನಿನಲ್ಲಿ ಕೂರಿಸಿ, ನೋಡುವುದನ್ನು ಕಲಿಸುವಷ್ಟು ಹೊತ್ತಿನಲ್ಲಿ ನಾನು ಒಂದು ಪುಟ ಕಟ್ಟಿ ಮುಗಿಸಬಹುದು. ಅನುಕೂಲ ಎಂಬುದು ಹೀಗೆ ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಶುರುವಾಗುತ್ತದೆ. ನಾನು ಪರೀಕ್ಷಿಸಬೇಕಾದದ್ದು ಅದರ ಮುಂದಿನ ಹಂತವನ್ನು. ಅನುಕೂಲಕ್ಕೆಂದು ಹಿಡಿದದ್ದನ್ನು ಬಿಟ್ಟುಕೊಡಲು ಮನಸ್ಸು ಯಾಕೆ ಹಿಂದೇಟು ಹಾಕುತ್ತದೆ? ಗಿರಾಕಿ ಕೈತಪ್ಪಿ ಹೋಗಬಾರದು ಎಂಬ ಲೆಕ್ಕ ಅಲ್ಲಿ ಕೂತಿದೆ. ಕೆಲಸ ಚೆನ್ನಾಗಿದ್ದು ಗಿರಾಕಿ ಉಳಿದರೆ ಅದು ನನ್ನ ದುಡಿಮೆಯ ಗಳಿಕೆ. ಹೋಗಲು ದಾರಿಯಿಲ್ಲದೆ ಉಳಿದರೆ ಅದಕ್ಕೆ ಬೇರೆ ಹೆಸರಿದೆ.

ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚು ಕುಟುಕುತ್ತದೆ. ಹೊಸ ಜಾಗದಿಂದ ಲಾಗಿನ್ ಆದರೆ ಗಿರಾಕಿಯ ಫೋನಿಗೆ ಓಟಿಪಿ ಹೋಗುತ್ತದೆ. ನಾನು ಫೋನ್ ಮಾಡಿ, "ಅಣ್ಣಾ, ಈಗ ಒಂದು ಮೆಸೇಜ್ ಬಂದದ ನೋಡ್ರಿ, ಆರು ನಂಬರ್ ಹೇಳ್ರಿ" ಎನ್ನುತ್ತೇನೆ. ಅವರು ಕನ್ನಡಕ ಹುಡುಕಿ, ಒಂದೊಂದೇ ಅಂಕಿ ಓದಿ ಹೇಳುತ್ತಾರೆ. ಓಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕುಗಳು ಹೇಳುತ್ತವೆ, ಪೊಲೀಸರು ಹೇಳುತ್ತಾರೆ, ಮೋಸ ಹೋದವರಿಗೆಂದು 1930 ಎಂಬ ಸಹಾಯವಾಣಿಯೇ ಇದೆ. ಆದರೆ ಫೋನಿನಲ್ಲಿ ಕೇಳಿದವರಿಗೆ ನಂಬಿ ಅಂಕಿ ಹೇಳುವ ರೂಢಿಯನ್ನು ಅವರಿಗೆ ಹಾಕುತ್ತಿರುವವನು ನಾನೇ. ನಾಳೆ ನನ್ನಂತೆಯೇ ಮಾತಾಡುವ ಕಳ್ಳನೊಬ್ಬ ಕರೆ ಮಾಡಿದಾಗ ಆ ರೂಢಿ ಅವನ ಕೆಲಸಕ್ಕೆ ಬರುತ್ತದೆ. ಹಾಗಾಗಿ ಇಂಥ ಕೆಲಸಗಳನ್ನು ಫೋನಿನಲ್ಲಿ ಮುಗಿಸಬಾರದು, ಗಿರಾಕಿಯ ಪಕ್ಕದಲ್ಲಿ ಕೂತು ಅವರ ಕೈಯಿಂದಲೇ ಅಂಕಿ ಒತ್ತಿಸಬೇಕು ಎಂಬ ಕಟ್ಟುಪಾಡು ಹಾಕಿಕೊಂಡಿದ್ದೇನೆ. ದೇವದುರ್ಗದವರ ಕೆಲಸವಾದರೆ ಗಬ್ಬೂರಿನ ಮೇಲೆ ಹೋಗುವ ಬಸ್ ಹತ್ತಿ ಒಂದು ದಿನ ಕಳೆಯಬೇಕು. ಆದರೂ ಅದೇ ಸರಿ.

ದೇವದುರ್ಗದ ಮಾತು ಬಂತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ದೇವದುರ್ಗವನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿಟ್ಟಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75ರಷ್ಟಿದ್ದಾಗ ರಾಯಚೂರು ಜಿಲ್ಲೆಯದು ಶೇ 60ನ್ನೂ ಮುಟ್ಟಿರಲಿಲ್ಲ. ಈ ಅಂಕಿಗಳು ನನಗೆ ಬಾಯಿಪಾಠ. ಆದರೂ ಅಲ್ಲಿಯ ಗಿರಾಕಿಗಳಿಗೆ "ಬೇಕಾದ್ದನ್ನ ಟೈಪ್ ಮಾಡಿ ಕಳಿಸ್ರಿ" ಎಂದು ಹೇಳುವಾಗ ನೆನಪಾಗುವುದಿಲ್ಲ. ಅಲ್ಲಿಂದ ಬರುವುದು ವಾಯ್ಸ್ ಮೆಸೇಜು. ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ, ಹಿಂದೆ ಟಿವಿ ಸದ್ದು, ಮಗುವಿನ ಅಳು. ಉದ್ದವಾದ ವಾಯ್ಸ್ ಮೆಸೇಜನ್ನು ಕೇಳುವುದು ನನಗೆ ಬೇಸರದ ಕೆಲಸವಾಗಿತ್ತು. ಮಾತನ್ನು ಬರಹಕ್ಕೆ ಇಳಿಸುವ ಶ್ರಮವನ್ನು ಗಿರಾಕಿಯೇ ಮಾಡಲಿ ಎಂದು ಬಯಸುತ್ತಿದ್ದೆ. ಅಂದರೆ ಅವರು ನನ್ನ ಭಾಷೆಗೆ ಬರಬೇಕು, ನಾನು ಅವರದಕ್ಕೆ ಹೋಗಬೇಕಾಗಿಲ್ಲ ಎಂಬ ನಿರೀಕ್ಷೆ.

ಅಲ್ಲಿ ಒಬ್ಬ ಹೆಣ್ಣುಮಗಳು ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತಾರೆ. ಕಟಿ ರೊಟ್ಟಿಯನ್ನು ದೂರದ ಊರುಗಳಿಗೂ ಕಳಿಸುತ್ತಾರೆ. ಅವರಿಗೆ ಒಂದು ವೆಬ್‌ಸೈಟ್ ಬೇಕಿತ್ತು. ನಾನು ಖರೀದಿಯ ಬುಟ್ಟಿ (ಕಾರ್ಟ್), ಆನ್‌ಲೈನ್ ಪಾವತಿ, ಆರ್ಡರ್ ಪಟ್ಟಿ ಎಲ್ಲ ಇರುವ ದೊಡ್ಡ ಏರ್ಪಾಡನ್ನೇ ಬಣ್ಣಿಸಿದೆ. ಅಂಥ ಕೆಲಸಕ್ಕೆ ದುಡ್ಡೂ ಹೆಚ್ಚು. ಅವರು ಸುಮ್ಮನೆ ಕೇಳಿಕೊಂಡರು. ರಾತ್ರಿ ಅವರ ಧ್ವನಿ ಬಂತು:

"ತಮ್ಮಾ, ನಂಗ ಫೋನ್ ಬಂದ್ರ ಸಾಕಪ್ಪ. ಆ ಬಟನ್ ಗಿಟನ್ ಏನೂ ಬ್ಯಾಡ. ಕೈಯಾಗ ಮಂದಿ ಇದ್ದ ದಿನ ಒಂದಿಷ್ಟು ಹೆಚ್ಚಿಗಿ ಆಗ್ತಾವ, ಇಲ್ಲದ ದಿನ ಮನಿಯವ್ರು ನಾವೇ ಬಡೀಬೇಕು. ಯಾರ್ ಎಷ್ಟ್ ಒತ್ಯಾರ ಅಂತ ಫೋನ್ ನೋಡ್ಕೋಂತ ಕುಂತ್ರ ರೊಟ್ಟಿ ಬಡಿಯೋರ್ ಯಾರು? ರೊಕ್ಕ ಮೊದಲ ಬಂದು ರೊಟ್ಟಿ ಹೋಗ್ಲಿಲ್ಲಂದ್ರ ನನ್ನ ಮಾತು ಹೋಗ್ತದ."

ಅದನ್ನು ಕೇಳಿ ನಾನು ಸುಮ್ಮನೆ ಕೂತೆ. ಒಂದು ನಿಮಿಷದೊಳಗಿನ ಆ ಮಾತಿನಲ್ಲಿ ವ್ಯವಹಾರದ ಪೂರ್ತಿ ಚಿತ್ರವಿತ್ತು. ಉತ್ಪಾದನೆಗೆ ಎಲ್ಲಿ ಮಿತಿ, ದಿನದಿಂದ ದಿನಕ್ಕೆ ಅದು ಹೇಗೆ ಏರಿಳಿಯುತ್ತದೆ, ಮುಂಗಡ ತೆಗೆದುಕೊಂಡರೆ ಯಾವ ಅಪಾಯ, ಯಾವುದು ಹೋದರೆ ಎಲ್ಲವೂ ಹೋದಂತೆ, ಇದೆಲ್ಲ ಅದರಲ್ಲಿತ್ತು. ದೊಡ್ಡ ಕಂಪನಿಗಳು ಇಂಥ ತಿಳಿವಳಿಕೆ ಹೊರಡಿಸಲು ಹಲವು ಸಭೆ ಮಾಡುತ್ತವೆ. ಅವರಿಗೆ ಬೇಕಿದ್ದದ್ದು ಒಂದೇ ಪುಟ. ಮೇಲೆ ಒತ್ತಿದರೆ ನೇರ ಕರೆ ಹೋಗುವ ನಂಬರ್, ಕೆಳಗೆ ಏನೇನು ಸಿಗುತ್ತದೆ, ಎಷ್ಟು ಮೊದಲು ಹೇಳಬೇಕು, ಯಾವ ಊರುಗಳಿಗೆ ಕಳಿಸುತ್ತಾರೆ ಎಂಬ ವಿವರ. ಅಷ್ಟನ್ನೇ ಮಾಡಿದೆ. ಆದರೆ ಇಲ್ಲಿ ನಾನು ನೋಡಿಕೊಳ್ಳಬೇಕಾದದ್ದು ಅವರ ಜಾಣತನವನ್ನಷ್ಟೇ ಅಲ್ಲ. ಅವರು ಹಾಗೆ ಬಿಡಿಸಿ ಹೇಳದೆ ಇದ್ದಿದ್ದರೆ? "ತಿಳಿದವರು ಹೇಳ್ತಾರ, ಹಂಗೇ ಇರಬೇಕು" ಎಂದು ಒಪ್ಪಿಬಿಟ್ಟಿದ್ದರೆ? ನಾನು ಬಣ್ಣಿಸಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಎಲ್ಲವೂ ಕೆಲಸ ಮಾಡುವ ವಸ್ತುಗಳೇ. ಆದರೆ "ಇದು ನಿಮಗೆ ಬೇಕೇ" ಎಂಬ ಪ್ರಶ್ನೆಯನ್ನು ಕೇಳದೆ "ಇದು ಆಗುತ್ತದೆ" ಎಂಬುದನ್ನು ಮಾತ್ರ ಹೇಳುವುದೂ ಒಂದು ಬಗೆಯ ಮುಚ್ಚಿಡುವಿಕೆ. ಬಿಲ್ಲಿನ ಮೊತ್ತ ನನ್ನ ವಿವರಣೆಯನ್ನು ಎಷ್ಟು ಉದ್ದ ಮಾಡುತ್ತದೆ ಎಂದು ಆ ರಾತ್ರಿಯಿಂದ ಗಮನಿಸುತ್ತಿದ್ದೇನೆ.

ಮಾನ್ವಿಗೆ ಹೋದರೆ ಮಾತಿನ ರೀತಿಯೇ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ, ಅದನ್ನು ಅಕ್ಕಿ ಮಾಡುವ ಗಿರಣಿಗಳು, ಸೋನಾ ಮಸೂರಿ ತುಂಬಿ ಹೊರಡುವ ಲಾರಿಗಳು. ಕೊಯ್ಲಿನ ಕಾಲದಲ್ಲಿ ಗಿರಣಿ ಮಾಲೀಕರ ಎದುರು ಕೂತರೆ ಒಂದು ವಾಕ್ಯ ಪೂರ್ತಿಯಾಗುವುದರೊಳಗೆ ಎರಡು ಫೋನು ಬರುತ್ತವೆ, ಹಮಾಲರ ಮೇಸ್ತ್ರಿ ಬಾಗಿಲಲ್ಲಿ ನಿಲ್ಲುತ್ತಾನೆ, ತೇವಾಂಶ ನೋಡಲು ತಂದ ಭತ್ತದ ಹಿಡಿ ಮೇಜಿನ ಮೇಲೆ ಬೀಳುತ್ತದೆ. ಅಂಥ ಗದ್ದಲದಲ್ಲಿ ಒಬ್ಬ ಮಾಲೀಕರು ನನಗೆ ಹೇಳಿದ್ದು ಒಂದೇ ಬೇಡಿಕೆ. "ನಮ್ಮಪ್ಪಾರ ಫೋಟೋ ಮ್ಯಾಲೆ ಬರ್ಲಿ. ದೊಡ್ಡದಾಗಿ ಬರ್ಲಿ."

ನನಗೆ ಆ ಫೋಟೋ ಬೇಡವಾಗಿತ್ತು. ಹಾರ ಹಾಕಿದ ಚಿತ್ರ, ಹಿಂದೆ ನೀಲಿ ಪರದೆ. ಅಕ್ಕಿಯ ಕಾಳಿನ ಸ್ವಚ್ಛ ಚಿತ್ರವೊಂದನ್ನು ಪುಟದ ಮೇಲ್ಭಾಗಕ್ಕೆ ಆರಿಸಿ ಇಟ್ಟಿದ್ದೆ. ಯಾಕೆ ಬೇಡ ಎಂದು ನನ್ನನ್ನೇ ಕೇಳಿಕೊಂಡಾಗ ಬಂದ ಕಾರಣಗಳೆಲ್ಲ ಅವರ ವ್ಯವಹಾರಕ್ಕೆ ಸಂಬಂಧಪಟ್ಟವಲ್ಲ. ಬೆಂಗಳೂರಿನ ನನ್ನ ಗೆಳೆಯರು ನೋಡಿದರೆ ಏನೆಂದಾರು, ಮುಂದಿನ ಗಿರಾಕಿಗೆ ತೋರಿಸುವಾಗ ಹೇಗೆ ಕಂಡೀತು, ಇವೇ. ಅವರ ದುಡ್ಡಿನಲ್ಲಿ ನನ್ನ ಕಸುಬಿನವರ ಕಣ್ಣಿಗೆ ಪುಟ ಕಟ್ಟಲು ಹೊರಟಿದ್ದೆ. ಮಾಲೀಕರ ಕಾರಣ ಗಟ್ಟಿಯಾಗಿತ್ತು. "ತಮಿಳುನಾಡಿನ ಪಾರ್ಟಿ ನನ್ನ ಗುರ್ತು ಹಿಡಿಯಂಗಿಲ್ಲ. ಅಪ್ಪಾರ ಮಾರಿ ನೋಡಿದ್ರ ಹಿಡೀತಾರ." ಹಲವು ವರ್ಷ ಬಾಯಿಮಾತಿನ ಮೇಲೆ ಲಾರಿ ಕಳಿಸಿದ ಮನುಷ್ಯನ ಮುಖ ಅದು. ಪುಟ ತೆರೆದ ಹಳೆಯ ಖರೀದಿದಾರನಿಗೆ ಸರಿಯಾದ ಜಾಗಕ್ಕೆ ಬಂದೆನೆಂದು ಹೇಳಲು ಅದಕ್ಕಿಂತ ಚುರುಕಾದ ಗುರುತು ಇನ್ನೊಂದಿಲ್ಲ. ಫೋಟೋ ಮೇಲೆಯೇ ಬಂತು. ಕೆಳಗೆ ಅಕ್ಕಿಯ ಬಗೆಗಳು, ಚೀಲದ ತೂಕ, ಜಿಎಸ್‌ಟಿ ನಂಬರ್, ಆಹಾರ ಪರವಾನಗಿಯ ನಂಬರ್, ಲಾರಿ ತುಂಬುವ ವೇಳೆ. ಹೊಸ ಖರೀದಿದಾರನಿಗೆ ಇವು ಬೇಕು, ಹಳಬನಿಗೆ ಆ ಮುಖ ಸಾಕು.

ಮಾನ್ವಿಯ ನೆಲದಲ್ಲಿ ನಿಂತಾಗ ಜಗನ್ನಾಥದಾಸರು ನೆನಪಾಗದೆ ಇರುವುದಿಲ್ಲ. ಸಮೀಪದ ಬ್ಯಾಗವಾಟದಲ್ಲಿ ಹುಟ್ಟಿ, 18ನೇ ಶತಮಾನದಲ್ಲಿ ಮಾನ್ವಿಯಲ್ಲಿ ಬಾಳಿದವರು. ದಾಸರಾಗುವ ಮೊದಲು ಅವರು ಸಂಸ್ಕೃತದಲ್ಲಿ ದೊಡ್ಡ ಪಂಡಿತರು, ಕನ್ನಡದ ದಾಸರ ಹಾಡುಗಳನ್ನು ಲಘುವಾಗಿ ಕಂಡಿದ್ದವರು ಎಂದು ಪ್ರತೀತಿ. ಆಮೇಲೆ ವಿಜಯದಾಸರ, ಗೋಪಾಲದಾಸರ ದಾರಿಗೆ ಬಂದು ಶಾಸ್ತ್ರದ ಸಾರವನ್ನೆಲ್ಲ ಕನ್ನಡದ ಭಾಮಿನಿ ಷಟ್ಪದಿಯಲ್ಲಿ, ಹರಿಕಥಾಮೃತಸಾರವಾಗಿ ಕೊಟ್ಟರು. ನಾನು ಭಕ್ತಿಯ ಮಾತಿಗೆ ಹೋಗುತ್ತಿಲ್ಲ. ತಿಳಿದವನು ತನ್ನ ತಿಳಿವಳಿಕೆಯನ್ನು ಯಾರ ಭಾಷೆಯಲ್ಲಿ ಇಡುತ್ತಾನೆ ಎಂಬುದು ಅವನ ವಿದ್ವತ್ತಿಗೆ ಹಾಕುವ ಪರೀಕ್ಷೆ. ಆ ಪರೀಕ್ಷೆಯನ್ನು ಈ ಊರಿನಲ್ಲೇ ಒಬ್ಬರು ಪೂರ್ತಿಯಾಗಿ ಗೆದ್ದಿದ್ದಾರೆ ಎಂಬುದು ನನ್ನಂಥವನಿಗೆ ಸಣ್ಣ ವಿಷಯವಲ್ಲ. ಸರ್ವರ್, ಡಿಎನ್‌ಎಸ್, ಎಸ್‌ಎಸ್‌ಎಲ್ ಎಂದು ಒಂದೇ ಉಸಿರಿನಲ್ಲಿ ಹೇಳಿ ಎದುರಿನವರ ಬಾಯಿ ಕಟ್ಟಿಸುವುದು ಬಲು ಸುಲಭ. "ನಿಮ್ಮ ಪುಟಕ್ಕೆ ಬಂದವರು ಬರೆದ ಮಾಹಿತಿ ನಡುವೆ ಯಾರಿಗೂ ಓದಲಿಕ್ಕೆ ಸಿಗಬಾರದು, ಅದಕ್ಕೆ ಈ ಖರ್ಚು" ಎಂದು ಹೇಳಿದರೆ ಯಾವ ಗಿರಣಿ ಮಾಲೀಕರೂ ತಿಳಿಯದು ಎನ್ನುವುದಿಲ್ಲ. ಅದನ್ನು ಹೇಳಲು ನನಗೇ ವಿಷಯ ಇನ್ನಷ್ಟು ಸರಿಯಾಗಿ ತಿಳಿದಿರಬೇಕಾಗುತ್ತದೆ, ಅಷ್ಟೇ.

ಅದೇ ಗಿರಣಿಯಲ್ಲಿ ನನ್ನ ಮಾತಿನ ಇನ್ನೊಂದು ಅಭ್ಯಾಸ ಬಯಲಾಯಿತು. ಕೆಲಸ ಒಪ್ಪಿಸುವಾಗ ನಾನು ಎಲ್ಲ ತೋರಿಸಿ, ಕೊನೆಗೆ "ತಿಳೀತಲ್ರಿ?" ಎಂದು ಕೇಳುತ್ತೇನೆ. ಈ ಪ್ರಶ್ನೆಗೆ ಇಲ್ಲ ಎಂದವರು ಯಾರೂ ಇಲ್ಲ. ನಾಲ್ಕು ಜನರ ಎದುರು ತಿಳಿಯಲಿಲ್ಲ ಎನ್ನಲು ಯಾರಿಗೆ ಮನಸ್ಸಾದೀತು? "ಆಯ್ತು ಬಿಡ್ರಿ" ಎನ್ನುತ್ತಾರೆ, ನಾನೂ ಎದ್ದು ಬರುತ್ತೇನೆ. ರೋಗಿಗೆ ಔಷಧದ ಕ್ರಮ ಹೇಳಿದ ವೈದ್ಯರು "ಮನೆಯಲ್ಲಿ ಹೇಗೆ ತಗೋತೀರಿ, ನೀವೇ ಒಮ್ಮೆ ಹೇಳಿ" ಎಂದು ಕೇಳಬೇಕು ಎಂಬ ಪದ್ಧತಿ ವೈದ್ಯಕೀಯದಲ್ಲಿದೆ. ತಿಳಿಯಿತೇ ಎಂದು ರೋಗಿಯನ್ನು ಕೇಳುವ ಬದಲು, ತಾನು ತಿಳಿಯುವಂತೆ ಹೇಳಿದೆನೇ ಎಂದು ವೈದ್ಯ ಪರೀಕ್ಷಿಸಿಕೊಳ್ಳುವ ದಾರಿ ಅದು. ಆ ದಾರಿ ಹಿಡಿದು ನಾನು ಮಾತು ನಿಲ್ಲಿಸಿ, ಗಿರಣಿಯ ಹಿರಿಯ ಗುಮಾಸ್ತರ ಕೈಗೆ ಫೋನ್ ಕೊಟ್ಟೆ. ಚೀಲದ ತೂಕ ಬದಲಿಸಿ ತೋರಿಸಿ ಎಂದೆ.

ಅವರು ಲೆಕ್ಕದ ಪುಸ್ತಕ ಮುಚ್ಚಿ, ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿ ಹಾಕಿಕೊಂಡರು. ಬಲಗೈ ತೋರುಬೆರಳನ್ನು ಪರದೆಯ ಮೇಲೆ ಸ್ವಲ್ಪ ಹೊತ್ತು ಎತ್ತಿ ಹಿಡಿದು, ಒತ್ತುವ ಮೊದಲು ಪ್ರತಿ ಸಲ ನನ್ನ ಮುಖ ನೋಡಿದರು. ನಾನು ತುಟಿ ಬಿಚ್ಚಲಿಲ್ಲ. 26 ಎಂದಿದ್ದನ್ನು ಅಳಿಸಿ 25 ಮಾಡಿ, ಉಳಿಸುವ ಗುಂಡಿ ಎಲ್ಲಿದೆ ಎಂದು ಹುಡುಕಿ, ಸಿಗದೆ ಹಿಂದೆ ಹೋಗಿ, ಮತ್ತೆ ಬಂದು ಮುಗಿಸಿದರು. ಆ ಗುಂಡಿ ನಾನು ಇಟ್ಟ ಜಾಗದಲ್ಲಿ ಯಾರಿಗೂ ಕಾಣುವಂತಿಲ್ಲ ಎಂದು ನನಗೆ ತಿಳಿದದ್ದು ಅವರ ಬೆರಳನ್ನು ನೋಡಿ. ಫೋನ್ ವಾಪಸು ಕೊಡುವಾಗ ಅವರು ಕೇಳಿದರು, "ನೀವು ನಾಳೆ ಈ ಕೆಲಸ ಬಿಟ್ಟು ಬೆಂಗಳೂರಿಗೆ ಹೋದ್ರಿ ಅಂತ ಇಟ್ಕೊಳ್ರಿ. ಆವಾಗ ಇದು ಯಾರ ಹೆಸರ್ಲೆ ಇರ್ತದ?" ಜೀವಮಾನವೆಲ್ಲ ಇನ್ನೊಬ್ಬರ ಲೆಕ್ಕ ಬರೆದ ಮನುಷ್ಯನಿಗೆ ಕಾಗದ ಯಾರ ಹೆಸರಿನಲ್ಲಿದೆ ಎಂಬುದೇ ಮೊದಲು ಹೊಳೆಯುತ್ತದೆ. ನನ್ನೊಳಗೆ ಅಸ್ಪಷ್ಟವಾಗಿ ಇದ್ದದ್ದನ್ನು ಅವರು ಒಂದು ವಾಕ್ಯದಲ್ಲಿ ಮೇಜಿನ ಮೇಲೆ ಇಟ್ಟರು. ಡೊಮೇನನ್ನು ಗಿರಣಿಯ ಹೆಸರಿಗೆ, ಗಿರಣಿಯ ಇಮೇಲ್‌ಗೆ ಮಾಡಿಸುವ ಕೆಲಸ ಅಲ್ಲೇ ಶುರುವಾಯಿತು. ಈ ಬರಹದ ಪ್ರಶ್ನೆಯೂ ಅಲ್ಲಿಂದಲೇ ಹೊರಟದ್ದು.

ರಾಯಚೂರು ನಗರದ ಗಿರಾಕಿಗಳೊಂದಿಗೆ ತೊಡಕು ಇನ್ನೊಂದು ಕಡೆ. ಇಲ್ಲಿ ಮಾತು ಶುರುವಾಗುವುದೇ ನಂಟಿನಿಂದ. ಅಣ್ಣ, ಕಾಕಾ, ಭಾಯಿ, ಅಕ್ಕೋರು. ಚಹಾ ಬರುತ್ತದೆ, ಮಿರ್ಚಿ ಮಂಡಕ್ಕಿ ಬರುತ್ತದೆ, ದುಡ್ಡಿನ ಮಾತು ಬರುವುದಿಲ್ಲ. ಎಷ್ಟಾಗುತ್ತದೆ ಎಂದು ಅವರು ಕೇಳಿದರೆ "ನೋಡಿ ಕೊಡ್ರಿ, ನಮ್ಮವರೇ ಇದ್ದೀರಿ" ಎಂದು ನಾನು ಹೇಳುತ್ತೇನೆ. ಎಷ್ಟು ಸಲ ಬದಲಾವಣೆ ಮಾಡಿಕೊಡುತ್ತೀರಿ ಎಂದರೆ "ನಿಮಗ ಸಮಾಧಾನ ಆಗೋತನಕ" ಎನ್ನುತ್ತೇನೆ. ಕೇಳಲು ಉದಾರವಾಗಿದೆ. ಒಳಹೊಕ್ಕು ನೋಡಿದರೆ ಇದು ಅಂಜಿಕೆ. ದರ ಹೇಳಿದರೆ ಎದ್ದು ಹೋದಾರೆಂಬ ಅಂಜಿಕೆ, ಮಿತಿ ಹೇಳಿದರೆ ಕಟುಕನೆಂದಾರೆಂಬ ಅಂಜಿಕೆ. ಆಮೇಲೆ ಬದಲಾವಣೆಗಳು ಮುಗಿಯದೆ ಹೋದಾಗ, ಶಾಲೆಯ ಆಡಳಿತ ಮಂಡಳಿಯ ಒಬ್ಬರು ಕೆಂಪು ಎಂದು ಇನ್ನೊಬ್ಬರು ಹಸಿರು ಎಂದಾಗ, ಬೆಂಗಳೂರಿನ ಅಳಿಯಂದಿರು ಫೋನಿನಲ್ಲಿ ಮೂರನೆಯ ಅಭಿಪ್ರಾಯ ಕೊಟ್ಟಾಗ ನನಗೆ ಒಳಗೊಳಗೆ ಸಿಟ್ಟು ಬರುತ್ತದೆ. ಗಿರಾಕಿಗಳು ಹೀಗೆಯೇ ಎಂದು ಗೆಳೆಯರ ಎದುರು ಬೈಯುತ್ತೇನೆ. ಮಿತಿಯನ್ನೇ ಹೇಳದೆ ಇದ್ದವನಿಗೆ ಮಿತಿ ಮೀರಿದರೆಂದು ದೂರಲು ಯಾವ ಹಕ್ಕಿದೆ?

ಬರೆದುಕೊಟ್ಟರೆ ಅಪನಂಬಿಕೆ ತೋರಿಸಿದಂತೆ ಎಂಬ ಭಾವನೆ ನನ್ನಲ್ಲಿ ಗಟ್ಟಿಯಾಗಿ ಕೂತಿತ್ತು. ಅದನ್ನು ಸಡಿಲಿಸಿದ್ದು ನಮ್ಮ ಗಂಜ್. ರಾಯಚೂರಿನ ಎಪಿಎಂಸಿಗೆ ಹತ್ತಿ, ಭತ್ತ, ತೊಗರಿ, ಮೆಣಸಿನಕಾಯಿ ತರುವ ರೈತನಿಗೂ ಅಡತಿ ಅಂಗಡಿಯವರಿಗೂ ಎರಡು ಮೂರು ತಲೆಮಾರಿನ ನಂಟು ಇರುತ್ತದೆ. ಮಗಳ ಮದುವೆಗೆ ಸಾಲ ಕೊಟ್ಟವರು ಅವರೇ, ಊಟಕ್ಕೆ ಕರೆಯುವವರು ಅವರೇ. ಆದರೂ ಮಾಲು ತೂಗಿದ ಮೇಲೆ ಪಟ್ಟಿ ಬರೆಯದೆ ಯಾರೂ ಏಳುವುದಿಲ್ಲ. ತೂಕ ಎಷ್ಟು, ದರ ಎಷ್ಟು, ಹಮಾಲಿ ಎಷ್ಟು, ಕೈಗೆ ಎಷ್ಟು. ಕೈಯಲ್ಲಿ ಚೀಟಿ ಇದೆಯೆಂದು ಆ ನಂಟು ಎಂದೂ ತೆಳ್ಳಗಾಗಿಲ್ಲ. ಬರಹ ಇದ್ದಲ್ಲಿ ನೆನಪಿನ ಜಗಳ ಹುಟ್ಟುವುದು ಕಡಿಮೆ. ಹತ್ತಿಯ ಗಾಡಿಗೆ ಇರುವ ಶಿಸ್ತು ನನ್ನ ಕೆಲಸಕ್ಕೆ ಯಾಕಿರಬಾರದು? ಈಗ ನಾನೂ ಒಂದು ಹಾಳೆ ಕೊಡುತ್ತೇನೆ, ಕನ್ನಡದಲ್ಲಿ. ಒಟ್ಟು ಎಷ್ಟು, ಮುಂಗಡ ಎಷ್ಟು, ಎಷ್ಟು ಸಲ ತಿದ್ದಿಕೊಡುತ್ತೇನೆ, ಅದಕ್ಕಿಂತ ಹೆಚ್ಚಾದರೆ ಏನು, ಅಂತಿಮ ಮಾತು ಹೇಳುವ ಒಬ್ಬರು ಯಾರು. ಅದರ ಕೆಳಗೆ ಡೊಮೇನ್ ಯಾರ ಹೆಸರಿನಲ್ಲಿದೆ, ಯಾವ ತಾರೀಖಿಗೆ ಮುಗಿಯುತ್ತದೆ, ವರ್ಷಕ್ಕೆ ಎಷ್ಟು ಕಟ್ಟಬೇಕು, ನಾನು ಇಲ್ಲದಿದ್ದರೆ ಏನು ಮಾಡಬೇಕು. ದರ ನೋಡಿ ಎದ್ದು ಹೋದವರೂ ಇದ್ದಾರೆ. ಅವರು ಕೆಲಸದ ನಡುವೆ ಮುನಿಸಿಕೊಂಡು ಹೋಗುವುದಕ್ಕಿಂತ ಅದು ಇಬ್ಬರಿಗೂ ಒಳ್ಳೆಯದು.

ಕನ್ನಡದ ವಿಷಯದಲ್ಲಿಯೂ ನನ್ನ ಬಾಯಿ ಸಾಕಷ್ಟು ತೆರೆದಿಲ್ಲ. ಗಿರಾಕಿಗಳು ಕೊಡುವ ಕನ್ನಡ ಬರಹ ಬಹಳ ಸಲ ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಮಾಡಿಸಿದ್ದಾಗಿರುತ್ತದೆ. ಕರಪತ್ರಕ್ಕೆ ಚೆನ್ನಾಗಿ ಬಂದದ್ದು ವೆಬ್ ಪುಟದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒಡೆದ ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದುವುದು ದಿನಗಟ್ಟಲೆ ಹಿಡಿಯುವ ಕೆಲಸ. "ಇಂಗ್ಲಿಷ್‌ನಲ್ಲೇ ಇರಲಿ ಬಿಡ್ರಿ, ಚೊಲೋ ಕಾಣ್ತದ" ಎಂದು ಗಿರಾಕಿ ಹೇಳಿದರೆ ನನಗೆ ಕೆಲಸ ಉಳಿಯಿತು. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಇವತ್ತು ಜನರ ಕೈಯಲ್ಲಿರುವ ಹೆಚ್ಚಿನ ಸ್ಮಾರ್ಟ್‌ಫೋನುಗಳು ಕನ್ನಡ ತೋರಿಸುತ್ತವೆ. ತಂತ್ರಜ್ಞಾನದ ಕಡೆಯಿಂದ ಅಡ್ಡಿ ಇಲ್ಲ. ಆಸ್ಪತ್ರೆಯೊಂದರ ಪುಟದಲ್ಲಿ ವೈದ್ಯರು ಸಿಗುವ ವೇಳೆಯನ್ನು ಹುಡುಕುವವರು ದೇವದುರ್ಗದ, ಸಿರವಾರದ ಹಳ್ಳಿಗಳ ಜನ. ಅವರ ಹೆಸರಿನಲ್ಲಿ ಮಾತಾಡುವವರು ನಮ್ಮ ಸಭೆಯಲ್ಲಿ ಯಾರೂ ಇರುವುದಿಲ್ಲ. ದುಡ್ಡು ಕೊಡುವ ಗಿರಾಕಿ ಮತ್ತು ನಾನು, ಇಬ್ಬರೇ. ಅಲ್ಲಿ ಅವರ ಪರವಾಗಿ ಮಾತಾಡುವುದು ನನ್ನ ಕೆಲಸದ ಭಾಗ. ಗಿರಾಕಿ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ವಿನಯದಂತೆ ಕಾಣಬಹುದು. ಆದರೆ ಪುಟ ಓದುವವರ ಹೊಣೆಯನ್ನು ಅಲ್ಲಿ ಕೈಬಿಟ್ಟಂತಾಗುತ್ತದೆ.

ಇಷ್ಟೆಲ್ಲ ಯೋಚಿಸಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ಅದು ನ್ಯಾಯವಾದದ್ದೇ. ಎಲ್ಲ ಗಿರಾಕಿಗಳಿಗೂ ತಿಳಿದುಕೊಳ್ಳುವ ಮನಸ್ಸಿರುವುದಿಲ್ಲ. ಹತ್ತಿ ಸೀಸನ್ನಿನಲ್ಲಿ ಊಟಕ್ಕೆ ಬಿಡುವಿಲ್ಲದ ವ್ಯಾಪಾರಿಯನ್ನು ಕೂರಿಸಿ ಪಾಠ ಹೇಳುವುದು ಅವರಿಗೆ ಕೊಡುವ ಕಾಟ. ದುಡ್ಡು ಕೊಟ್ಟು ಕೆಲಸ ಒಪ್ಪಿಸುವುದು ತಲೆನೋವು ಇಳಿಸಿಕೊಳ್ಳಲಿಕ್ಕೇ ಅಲ್ಲವೇ? ಹೌದು. ನಾನು ಕಾರಿನ ಎಂಜಿನ್ ಬಿಚ್ಚಿ ನೋಡದೆ ಮೆಕ್ಯಾನಿಕ್‌ಗೆ ಬಿಡುತ್ತೇನೆ. ಆದರೆ ಕಾರಿನ ಆರ್‌ಸಿ ಪುಸ್ತಕ ಮೆಕ್ಯಾನಿಕ್ ಹೆಸರಿನಲ್ಲಿ ಇರುವುದಿಲ್ಲ. ತಿಳಿಯುವುದು ಬಿಡುವುದು ಗಿರಾಕಿಯ ಇಷ್ಟ. ಒಡೆತನ ಹಾಗಲ್ಲ, ಅದು ಅವರು ಕೇಳದಿದ್ದರೂ ಅವರದೇ. ಕಲಿಯಲು ಬಿಡುವಿಲ್ಲದವರಿಗೂ ಹೆಸರು, ಇಮೇಲ್, ಪಾಸ್‌ವರ್ಡ್, ತಾರೀಖು ಬರೆದ ಹಾಳೆ ಅವರ ಪೆಟ್ಟಿಗೆಯಲ್ಲಿ ಇರಲೇಬೇಕು. ಯಾವತ್ತೋ ಒಂದು ದಿನ ಮಗಳೋ ಮೊಮ್ಮಗನೋ ಅದನ್ನು ತೆಗೆದು ಓದುತ್ತಾರೆ.

ವೆಬ್ಬನ್ನು ಹುಟ್ಟಿಸಿದ ಟಿಮ್ ಬರ್ನರ್ಸ್ ಲೀ ಕೆಲಸ ಮಾಡುತ್ತಿದ್ದ ಜಿನೀವಾದ ಸರ್ನ್ ಸಂಸ್ಥೆ 1993ರ ಏಪ್ರಿಲ್ 30ರಂದು ಆ ತಂತ್ರಾಂಶವನ್ನು ಶುಲ್ಕವಿಲ್ಲದೆ ಜಗತ್ತಿಗೆ ಬಿಟ್ಟುಕೊಟ್ಟಿತು. ಯಾರ ಅನುಮತಿಯೂ ಬೇಡದೆ ಯಾರು ಬೇಕಾದರೂ ಪುಟ ಕಟ್ಟಬಹುದಾದದ್ದು ಅದರಿಂದ. ನಾನು ಅನ್ನ ಉಣ್ಣುತ್ತಿರುವುದೂ ಅದರಿಂದಲೇ. ಅಷ್ಟು ಧಾರಾಳವಾಗಿ ಕೈಯಿಂದ ಕೈಗೆ ಬಂದ ವಸ್ತುವಿನ ಕೊನೆಯ ತುದಿಯಲ್ಲಿ, ರಾಯಚೂರಿನ ಒಂದು ಕೋಣೆಯಲ್ಲಿ ಕೂತು, ನಾನು ಅದಕ್ಕೆ ಕೀಲಿ ಹಾಕಬಾರದು.

ಇದರಿಂದ ನನ್ನ ಆದಾಯ ಕಡಿಮೆಯಾದೀತೇ ಎಂಬುದಕ್ಕೆ ಉತ್ತರ ಕಂಡುಕೊಂಡೇ ಮುಂದೆ ಹೋಗುತ್ತೇನೆ ಎಂದರೆ ಅದು ಪ್ರಾಮಾಣಿಕವಲ್ಲ. ಕಡಿಮೆಯಾಗಲೂಬಹುದು. ಫೋನ್ ನಂಬರ್ ತಾವೇ ಬದಲಿಸಲು ಕಲಿತವರು ಅದಕ್ಕೆಂದು ನನ್ನನ್ನು ಕರೆಯುವುದಿಲ್ಲ, ಡೊಮೇನ್ ತಮ್ಮ ಕೈಯಲ್ಲಿದ್ದವರು ನನ್ನ ದರವನ್ನು ಇನ್ನೊಬ್ಬರ ದರದ ಜೊತೆ ತೂಗಿ ನೋಡುತ್ತಾರೆ. ನೋಡಲಿ. ಗಿರಾಕಿಯೊಬ್ಬರು ನನ್ನ ಕೆಲಸ ಬೇಡವೆಂದು ನಿರ್ಧರಿಸಿ, ನನಗೆ ಒಂದು ಫೋನೂ ಮಾಡದೆ, ತಮ್ಮ ಪೆಟ್ಟಿಗೆಯಲ್ಲಿರುವ ಆ ಹಾಳೆಯೊಂದನ್ನೇ ಹಿಡಿದು ಬೇರೆಯವರ ಬಳಿಗೆ ಹೋಗಿ ಅಂದೇ ಕೆಲಸ ಮುಂದುವರಿಸುವಂತಿರಬೇಕು. ನಾನು ಅವರ ಜೊತೆ ಸರಿಯಾಗಿ ಮಾತಾಡಿದ್ದೇನೆಯೇ ಎಂಬುದಕ್ಕೆ ನನ್ನ ಬಳಿ ಈಗ ಇರುವ ಅಳತೆ ಇದೊಂದೇ. ಹಾಗೆ ಹೋಗಬಲ್ಲವರು ಹೋಗದೆ ಮತ್ತೆ ನನ್ನ ಬಳಿಗೇ ಬಂದರೆ, ಅಂಥ ಕೆಲಸದ ದುಡ್ಡನ್ನು ಎಣಿಸುವಾಗ ನನಗೆ ಯಾವ ಪ್ರಶ್ನೆಯೂ ಇರುವುದಿಲ್ಲ.